ವಿಷ ಇಳಿಯಿತು ಅಂತ ಗಾಯವನ್ನು ಮರೆಯಬೇಡಿ

ಮಂಡಲದ ಹಾವು ನನಗೆ ಕಚ್ಚಿದ್ದು ಹಿಮ್ಮಡಿಗಿಂತ ಸ್ವಲ್ಪ ಮೇಲೆ. ಬೇಗ ಆಸ್ಪತ್ರೆಗೆ ಹೋದೆ, ವಿಷಕ್ಕೆ ಔಷಧ ಏರಿಸಿದರು, ಜೀವ ಉಳಿಯಿತು. ಎಡವಟ್ಟು ಮಾಡಿಕೊಂಡಿದ್ದು ಮನೆಗೆ ಬಂದ ಮೇಲೆ.

ಕಚ್ಚಿದ ಕಡೆ ಅಂಗೈಯಷ್ಟು ಚರ್ಮ ಕಪ್ಪಾಗಿ, ಒಣ ತೊಗಲಿನ ಹಾಗೆ ಬಿರುಸಾಗಿತ್ತು. ಹಕ್ಕಳೆ ಕಟ್ಟಿದೆ, ತಾನಾಗೇ ಉದುರುತ್ತದೆ ಅಂದುಕೊಂಡೆ. ಮುಟ್ಟಿದರೆ ನೋವಿಲ್ಲ. ನೋವಿಲ್ಲ ಅಂದರೆ ಒಳ್ಳೆಯದೇ ಅಲ್ವಾ ಅಂತ ಖುಷಿ ಬೇರೆ! ಅದು ಹಕ್ಕಳೆಯೇ ಅಲ್ಲ, ಸತ್ತ ಚರ್ಮ. ಸತ್ತಿದ್ದಕ್ಕೇ ನೋವಿರಲಿಲ್ಲ.

ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ನೀರು ತೆಗೆದೆ. ದಿನಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದೆ. ಬುಸ್ ಅಂತ ನೊರೆ ಬಂದರೆ ಕೊಳೆ ಹೋಗುತ್ತಿದೆ ಅನ್ನುವ ಸಮಾಧಾನ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದಂತೆ. ಉಳಿದಿದ್ದ ಆಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸಿದ್ದೂ ಉಂಟು. ಈ ಒಂದು ಕೆಲಸ ನೆನೆದರೆ ಈಗಲೂ ನಾಚಿಕೆ.

ಮೂರನೇ ವಾರ ಡ್ರೆಸ್ಸಿಂಗ್ ಬಿಚ್ಚಿದಾಗ ಗಬ್ಬು ವಾಸನೆ. ಕರೀ ಚರ್ಮದ ಅಂಚು ಒತ್ತಿದರೆ ಅಡಿಯಿಂದ ಕೀವು ಉಕ್ಕಿತು. ಜ್ವರ, ತೊಡೆಸಂದಿಯಲ್ಲಿ ಗಂಟು. ಆಗ ಓಡಿದೆ.

ಸರ್ಜನ್ ಬೈದರು, ಆಮೇಲೆ ಬಿಡಿಸಿ ಹೇಳಿದರು. ಆಂಟಿವೆನಮ್, ಅಂದರೆ ಮೊದಲು ಏರಿಸಿದ ವಿಷದ ಔಷಧ, ರಕ್ತದಲ್ಲಿ ಓಡಾಡುವ ವಿಷವನ್ನು ಕಟ್ಟಿಹಾಕುತ್ತದೆ. ಆಗಲೇ ಸತ್ತ ಮಾಂಸವನ್ನು ಬದುಕಿಸುವುದಿಲ್ಲ, ಬ್ಯಾಕ್ಟೀರಿಯಾವನ್ನೂ ಕೊಲ್ಲುವುದಿಲ್ಲ. ಸತ್ತ ಮಾಂಸಕ್ಕೆ ರಕ್ತ ಹೋಗದ ಕಾರಣ ನುಂಗಿದ ಮಾತ್ರೆಯೂ ಅಲ್ಲಿಗೆ ತಲುಪುವುದಿಲ್ಲ. ಅದನ್ನು ಕತ್ತರಿಸಿ ತೆಗೆಯಲೇಬೇಕು. ಹಾವಿನ ಬಾಯಲ್ಲಿರುವ ಮಾರ್ಗನೆಲ್ಲಾ ಥರದ ಕೆಲವು ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ ಅನ್ನುವ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗುವುದೇ ಇಲ್ಲ. ಕೀವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿ, ಅದು ಯಾವ ಔಷಧಕ್ಕೆ ಸಾಯುತ್ತದೆ ಅಂತ ನೋಡಿ ಔಷಧ ಬದಲಿಸಿದರು. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ಪರೀಕ್ಷೆ ಆಯಿತು. ಇದ್ದರೆ ಗಾಯ ಇನ್ನೂ ನಿಧಾನ.

ಎರಡು ಸಲ ಕೆರೆದು ತೆಗೆದರು. ಅಡಿಯಲ್ಲಿ ಕೆಂಪಗೆ ಹಸಿ ಮಾಂಸ ಕಂಡ ಮೇಲೆ ತೊಡೆಯಿಂದ ಚರ್ಮ ತೆಗೆದು ಗಾಯದ ಮೇಲೆ ಕಸಿ ಮಾಡಿದರು. ಮೊದಲ ವಾರವೇ ತೋರಿಸಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ.

ಚರ್ಮ ಕಪ್ಪಾದರೆ, ವಾಸನೆ ಬಂದರೆ, ಕೆಂಪು ಮೇಲಕ್ಕೆ ಹಬ್ಬಿದರೆ ಕಾಯಬೇಡಿ. ಅವತ್ತೇ ಹೋಗಿ.

ನನಗೆ ಆ ಜಾಗದಲ್ಲಿ ಈಗ ಸ್ಪರ್ಶವಿಲ್ಲ. ಚಪ್ಪಲಿ ಪಟ್ಟಿ ಉಜ್ಜಿ ಸುಲಿದರೂ ರಕ್ತ ಕಂಡ ಮೇಲೇ ಗೊತ್ತಾಗುವುದು. ಮಾಯದ ಹಳೇ ಹುಣ್ಣು ಅಪರೂಪಕ್ಕೆ, ವರ್ಷಗಳ ಮೇಲೆ, ಕ್ಯಾನ್ಸರ್‌ಗೂ ತಿರುಗಬಹುದಂತೆ. ಹಾಗಾಗಿ ದಿನಾ ಮಲಗುವ ಮುಂಚೆ ಟಾರ್ಚ್ ಹಿಡಿದು ಕಾಲು ನೋಡಿಕೊಳ್ಳುತ್ತೇನೆ.