ದಾವಣಗೆರೆಯಿಂದ ಮೂರು ದಿನಕ್ಕೆ: ಹಂಪಿಯೋ, ಜೋಗವೋ, ಗೋಕರ್ಣವೋ?

ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳೆಂದರೆ ಎತ್ತಿಕೊಂಡು ಓಡಾಡುವ ಕಾಲ ಮುಗಿದಿದೆ, ಮನೆಯಲ್ಲಿ ಬಿಟ್ಟು ಹೋಗುವ ಕಾಲ ಬಂದಿಲ್ಲ. ನಡೆಯುತ್ತಾರೆ, ಆದರೆ ಬೇಸರ ಬಂತೆಂದರೆ ಒಂದು ಹೆಜ್ಜೆಯೂ ಇಡುವುದಿಲ್ಲ. ಇಂಥವರನ್ನು ಕರೆದುಕೊಂಡು ದಾವಣಗೆರೆಯಿಂದ ಎರಡು ರಾತ್ರಿ, ಮೂರು ಹಗಲಿಗೆ ಹೋಗಿಬರಲು ಮೂರು ದಾರಿಗಳಿವೆ: ಹಂಪಿ, ಸಾಗರ–ಜೋಗ, ಗೋಕರ್ಣ–ಮುರುಡೇಶ್ವರ. ಮೂರನ್ನೂ ಬೇರೆ ಬೇರೆ ರಜೆಗಳಲ್ಲಿ ಪರೀಕ್ಷಿಸಿ ನೋಡಿದ ಮೇಲೆ ಬರುವ ಲೆಕ್ಕ ಹೀಗಿದೆ: ದಸರೆ ರಜೆಗೆ ಜೋಗ, ಕ್ರಿಸ್‌ಮಸ್–ಸಂಕ್ರಾಂತಿ ಆಸುಪಾಸಿಗೆ ಹಂಪಿ, ಬೇಸಿಗೆಗೆ ಸಮುದ್ರ. ಊರು ಸರಿಯಿದ್ದು ತಿಂಗಳು ತಪ್ಪಿದರೆ ದುಡ್ಡು ನೀರಲ್ಲಿ ಹೋಮ.

ಹೊರಡುವ ಮೊದಲು ಒಂದು ಭಾನುವಾರ ಚಿತ್ರದುರ್ಗದ ಕೋಟೆ ಹತ್ತಿಸಿ ನೋಡಿ. ಅರವತ್ತು ಕಿಲೋಮೀಟರ್, ಒಂದು ತಾಸಿನ ದಾರಿ. ಬೆಳಿಗ್ಗೆ ಬೇಗ ಒಳಗೆ ಹೋಗಿ, ಓಬವ್ವನ ಕಿಂಡಿ, ಹಿಡಿಂಬೇಶ್ವರ, ಏಕನಾಥೇಶ್ವರಿ ಎಲ್ಲ ಮುಗಿಸಿ ಇಳಿಯುವಷ್ಟರಲ್ಲಿ ಮಕ್ಕಳ ತಾಕತ್ತು ಎಷ್ಟು ಅನ್ನುವುದು ಗೊತ್ತಾಗುತ್ತದೆ. ಎರಡು ತಾಸಿಗೇ "ಸಾಕಪ್ಪಾ" ಅಂದರೆ ಹಂಪಿಯನ್ನು ಒಂದೇ ದಿನಕ್ಕೆ ತುರುಕಬೇಡಿ. ತಿಂಡಿಯ ಕವರ್ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಅಲ್ಲಿನ ಕೋತಿಗಳಿಗೆ ಅದರ ಸದ್ದು ಚೆನ್ನಾಗಿ ಗೊತ್ತು.

ಮೊದಲು ಹಂಪಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೊಸಪೇಟೆಗೆ ಸುಮಾರು 130 ಕಿ.ಮೀ., ಮೂರು ತಾಸು ಇಟ್ಟುಕೊಳ್ಳಿ. ಚಿತ್ರದುರ್ಗದವರಿಗೆ ಹೈವೇ ನೇರ ಇದೆ. ಘಟ್ಟವಿಲ್ಲ, ವಾಂತಿಯ ಕಾಟವಿಲ್ಲ. ಎಲ್ಲರೂ ಮಾಡುವ ತಪ್ಪು ಒಂದೇ: ಹೊಸಪೇಟೆಯಲ್ಲಿ ನಿಧಾನಕ್ಕೆ ತಿಂಡಿ ತಿಂದು ಹನ್ನೊಂದಕ್ಕೆ ವಿಜಯ ವಿಠ್ಠಲ ಗುಡಿಗೆ ಹೋಗುವುದು. ಆ ಹೊತ್ತಿಗೆ ಪಾರ್ಕಿಂಗ್‌ನಿಂದ ಗುಡಿಗೆ ಹೋಗುವ ಬ್ಯಾಟರಿ ಗಾಡಿಗೆ ಉದ್ದದ ಸಾಲು, ನೆತ್ತಿಯ ಮೇಲೆ ಬಿಸಿಲು, ಕಾಲಡಿಯಲ್ಲಿ ಕಾದ ಕಲ್ಲು. ಎಂಟೂವರೆಗೆ ಅಲ್ಲಿದ್ದರೆ ಆ ಒಂದು ಕಿಲೋಮೀಟರ್ ನಡೆದೇ ಹೋಗಬಹುದು. ಮಕ್ಕಳ ಕೈಗೆ ಐವತ್ತರ ಹೊಸ ನೋಟು ಕೊಟ್ಟು, ಅದರ ಹಿಂದಿನ ಕಲ್ಲಿನ ರಥದ ಚಿತ್ರ ಯಾವ ಮೂಲೆಯಿಂದ ತೆಗೆದದ್ದು ಹುಡುಕಿ ಅನ್ನಿ. ಅರ್ಧ ತಾಸು ನಿಮ್ಮನ್ನು ಕೇಳುವವರಿಲ್ಲ. ಇಲ್ಲಿ ಕೊಂಡ ಟಿಕೆಟ್ಟನ್ನು ಎಸೆಯಬೇಡಿ, ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಮ್ಯೂಸಿಯಂಗೆ ಶುಕ್ರವಾರ ರಜೆ.

ಹಂಪಿಯಲ್ಲಿ ಈ ವಯಸ್ಸಿನವರಿಗೆ ಹೇಳಿ ಮಾಡಿಸಿದ ಜಾಗವೆಂದರೆ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲ ಕೋಣೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿಯೇ ಹೋಗುವುದರಿಂದ ಗೋಪುರದ ತುದಿಯದ್ದು ಕಿಂಡಿ ದಾಟಿ ಕೆಳಕ್ಕೂ, ಬುಡದ್ದು ಮೇಲಕ್ಕೂ ಬೀಳುತ್ತದೆ. ಶಾಲೆಯ ಸೂಜಿರಂಧ್ರ ಕ್ಯಾಮೆರಾದ ಪಾಠ ಇದೇ. ಮೊದಲೇ ವಿವರಿಸಿ ಕೆಡಿಸಬೇಡಿ. ಗೋಡೆ ತೋರಿಸಿ, "ಇದು ಏನು?" ಅಂತ ಕೇಳಿ ಸುಮ್ಮನಿರಿ. ಕಿಂಡಿಗೆ ಅಂಗೈ ಅಡ್ಡ ಹಿಡಿದು ಗೋಪುರ ಮಾಯವಾದಾಗ ಅವರಿಗೇ ಹೊಳೆಯುತ್ತದೆ. ಮೋಡ ಕವಿದ ದಿನ ಮಾತ್ರ ಏನೂ ಕಾಣುವುದಿಲ್ಲ. ಗುಡಿಯೊಳಗೆ ಬರಿಗಾಲು ಬೇಕು, ಬ್ಯಾಗಿನಲ್ಲಿ ಎರಡು ಜೊತೆ ಹಳೆಯ ಸಾಕ್ಸ್ ಇದ್ದರೆ ಅಂಗಳದ ಕಲ್ಲು ಸುಡುವಾಗ ಉಪಯೋಗಕ್ಕೆ ಬರುತ್ತದೆ.

ಮಧ್ಯಾಹ್ನ ಹನ್ನೆರಡರಿಂದ ಮೂರು ರೂಮಿನಲ್ಲಿರಿ. ಎರಡನೆಯ ದಿನ ಬೇಕಾದರೆ ಊಟವಾದ ಮೇಲೆ ದರೋಜಿ ಕರಡಿಧಾಮಕ್ಕೆ ಹೋಗಬಹುದು. ಬಂಡೆಗಳ ಮೇಲೆ ಜೇನು–ಬೆಲ್ಲ ಸವರಿಟ್ಟಿರುತ್ತಾರೆ, ವೀಕ್ಷಣಾ ಗೋಪುರದಲ್ಲಿ ಗಲಾಟೆಯಿಲ್ಲದೆ ಕುಳಿತರೆ ಕರಡಿ ಇಳಿದು ಬರುತ್ತದೆ. ದುರ್ಬೀನು ಇಲ್ಲದಿದ್ದರೆ ಕಾಣುವುದು ಕಪ್ಪು ಚುಕ್ಕೆ ಅಷ್ಟೇ. ಏಪ್ರಿಲ್‌ನಲ್ಲಿ ಇದೇ ಹಂಪಿ 40 ಡಿಗ್ರಿ. ಆಗ ಯಾರು ಎಷ್ಟೇ ಒತ್ತಾಯ ಮಾಡಿದರೂ ಬೇಡ.

ಜೋಗದ ಸಂಗತಿ ಇದಕ್ಕೆ ತದ್ವಿರುದ್ಧ. ದಸರೆಯ ಹೊತ್ತಿಗೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿರುತ್ತವೆ. ಬೇಸಿಗೆಯಲ್ಲಿ 253 ಮೀಟರಿನ ಬಂಡೆಯೂ ಅದರ ಮೇಲೆ ನಾಲ್ಕು ಬಿಳಿ ದಾರದಂಥ ನೀರೂ. ಮೇಲಿನ ಲಿಂಗನಮಕ್ಕಿಯಲ್ಲಿ ನೀರು ತಡೆದು ವಿದ್ಯುತ್ತಿಗೆ ಬಿಡುತ್ತಾರಲ್ಲ! ಫೋಟೋ ನೋಡಿಕೊಂಡು ಬಂದ ಮಗು "ಇಷ್ಟೇನಾ?" ಅನ್ನದೆ ಇರುವುದಿಲ್ಲ. ಇನ್ನೊಂದು ಸತ್ಯವನ್ನೂ ಹೇಳಬೇಕು: ಜೋಗ ನೋಡಲು ಒಂದು ತಾಸು ಸಾಕು. ದಾವಣಗೆರೆಯಿಂದ 190 ಕಿ.ಮೀ. ಹೋಗಿ ಒಂದು ತಾಸು ನಿಲ್ಲುವುದಾದರೆ ಪ್ರವಾಸ ನಿಂತಿರುವುದು ದಾರಿಯ ಮೇಲೆ. ಮಂಜು ಮುಸುಕಿದ್ದರೆ ಬೇಸತ್ತು ಹೊರಡಬೇಡಿ, ಅರ್ಧ ತಾಸಿನಲ್ಲಿ ಸರಿಯಬಹುದು.

ದಾರಿಯಲ್ಲಿ ಗೆಲ್ಲುವುದು ಸಕ್ರೆಬೈಲು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ., ತುಂಗೆಯ ಹಿನ್ನೀರಿನ ಆನೆ ಬಿಡಾರ. ಆನೆಗಳ ಸ್ನಾನ, ಊಟ ಎಲ್ಲ ಬೆಳಗಿನ ಹೊತ್ತಿಗೇ ಮುಗಿಯುತ್ತದೆ, ಆಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಒಂಬತ್ತಕ್ಕೆ ಅಲ್ಲಿರಬೇಕಾದರೆ ದಾವಣಗೆರೆ ಆರಕ್ಕೆ ಬಿಡಬೇಕು. ಹೊನ್ನಾಳಿಯಲ್ಲಿ ಕಾಫಿ ಅಂತ ಇಳಿದು ಅರ್ಧ ತಾಸು ಕಳೆದರೆ ಆನೆಯ ಲದ್ದಿ ನೋಡಿ ಬರಬೇಕಾಗುತ್ತದೆ. ತ್ಯಾವರೆಕೊಪ್ಪದ ಸಿಂಹಧಾಮ ಸಾಗರ ರಸ್ತೆಯಲ್ಲಿದೆ, ಹಾಗಾಗಿ ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ ವಾಪಸ್ ಬಂದು ಹೋಗಬೇಕು. ಅದಕ್ಕೆ ಮಂಗಳವಾರ ರಜೆ. ರಾತ್ರಿ ಸಾಗರದಲ್ಲಿ ಉಳಿದರೆ ಮರುದಿನ ಇಕ್ಕೇರಿಯ ಅಘೋರೇಶ್ವರ ಹತ್ತಿರ. ಸಿಗಂದೂರಿಗೆ 2025ರಿಂದ ಸೇತುವೆ ಆಗಿದೆ. ಸಮಯ ಉಳಿಯಿತು ನಿಜ, ಆದರೆ ಬಸ್ಸು–ಕಾರು ಹೊತ್ತ ಲಾಂಚಿನಲ್ಲಿ ಹಿನ್ನೀರು ದಾಟುವ ಮಜಾ ಸೇತುವೆಯಲ್ಲಿ ಎಲ್ಲಿಂದ ಬರಬೇಕು? ಮಳೆ ಬಿಟ್ಟ ಹೊಸದರಲ್ಲಿ ಹುಲ್ಲಿನ ಜಾಗದಲ್ಲಿ ಇಂಬಳ (ಜಿಗಣೆ) ಇರುತ್ತದೆ. ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ಸೇರಿಸಿ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಇನ್ನು ಸಮುದ್ರ. ಹಾವೇರಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ ಮೇಲೆ ಗೋಕರ್ಣ ಸುಮಾರು 240 ಕಿ.ಮೀ., ಮಕ್ಕಳಿದ್ದರೆ ಆರು ತಾಸು. ಇಲ್ಲಿ ಸೋಲುವುದು ಘಟ್ಟದಲ್ಲೇ. ಹೊರಡುವ ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನಿಸಿದವರು ತಿರುವಿನಲ್ಲಿ ಅದನ್ನು ಮತ್ತೆ ನೋಡುತ್ತಾರೆ. ಎರಡು ಇಡ್ಲಿ ಸಾಕು, ಡಬ್ಬಿಯಲ್ಲಿ ಒಣ ಮಂಡಕ್ಕಿ ಇರಲಿ. ಮೊಬೈಲ್ ಕಿತ್ತಿಟ್ಟುಕೊಳ್ಳಿ: ಕಣ್ಣು ಅಲ್ಲಾಡದ ಪರದೆ ನೋಡುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಗಾಡಿ ತಿರುಗುತ್ತಿದೆ ಅನ್ನುತ್ತದೆ, ಈ ಜಗಳವೇ ವಾಂತಿ. ದೂರದ ರಸ್ತೆ ಕಾಣುವ ಹಾಗೆ ಕೂರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ, ಘಟ್ಟಕ್ಕೆ ಒಂದು ತಾಸು ಮೊದಲೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊರಗೇ ಬರುತ್ತದೆ.

ನೀರಿನಲ್ಲಿ ಒಂದು ಮಾತು ನೆನಪಿರಲಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಮಕ್ಕಳನ್ನು ಇಳಿಸಲು ಅದೇ ಒಳ್ಳೆಯ ಜಾಗ ಅನಿಸುತ್ತದೆ. ದಡಕ್ಕೆ ಬಂದ ನೀರು ಒಳಕ್ಕೆ ಎಳೆದುಕೊಂಡು ಹೋಗುವ ದಾರಿ ಅದೇ. ಲೈಫ್‌ಗಾರ್ಡ್ ಇರುವ ಕಡೆ, ಮೊಣಕಾಲುದ್ದ, ದೊಡ್ಡವರೊಬ್ಬರು ಮಕ್ಕಳಿಗಿಂತ ಸಮುದ್ರದ ಕಡೆಗೆ ನಿಂತು. ಜೂನ್ ಬಂದ ಮೇಲೆ ನೀರಿಗೇ ಬೇಡ. ಮೂರು ದಿನಕ್ಕೆ ಗೋಕರ್ಣ ಅಥವಾ ಮುರುಡೇಶ್ವರ, ಒಂದೇ ಕಡೆ ಬಿಡಾರ ಹಾಕಿ. ಮುರುಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ 123 ಅಡಿಯ ಶಿವನ ತಲೆಯೂ ಸಮುದ್ರವೂ ಒಟ್ಟಿಗೆ ಕಾಣುತ್ತವೆ. ಗೋಕರ್ಣದಲ್ಲಿ ಇಳಿದುಕೊಂಡರೆ ಮಿರ್ಜಾನ್ ಕೋಟೆ ಹತ್ತಿರ.

ಖರ್ಚಿನಲ್ಲಿ ಹಂಪಿ ಅಗ್ಗ, ಸಮುದ್ರ ತುಟ್ಟಿ. ಬಸ್ಸಿನಲ್ಲಿ ಹೊರಟರೆ ಲೆಕ್ಕ ಇನ್ನೂ ಇಳಿಯುತ್ತದೆ: ಆರರಿಂದ ಹನ್ನೆರಡು ವರ್ಷಕ್ಕೆ ಅರ್ಧ ಟಿಕೆಟ್, ಸಾಮಾನ್ಯ ಬಸ್ಸಿನಲ್ಲಿ ಅಮ್ಮ–ಮಗಳಿಗೆ ಶಕ್ತಿ ಯೋಜನೆ. ಆಧಾರ್ ಕಾರ್ಡು ಮೇಲಿನ ಬ್ಯಾಗಿನಲ್ಲಿರಲಿ. ರೈಲಿನಲ್ಲಿ ಮಾತ್ರ, ಐದು ದಾಟಿದ ಮಗುವಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ಟಿಕೆಟ್. ರೂಮ್ ಬುಕ್ ಮಾಡುವಾಗ "ಇಬ್ಬರು ಮಕ್ಕಳು" ಅಂದರೆ ಸಾಲದು, ವಯಸ್ಸು ಹೇಳಿ. ಹನ್ನೊಂದರ ಹುಡುಗನನ್ನು ನೋಡಿ ಕೌಂಟರಿನಲ್ಲಿ ಹೆಚ್ಚುವರಿ ಹಾಸಿಗೆಯ ದುಡ್ಡು ಕೇಳುವುದುಂಟು. ನಾಲ್ವರು ಒಂದೇ ಡಬಲ್ ಮಂಚದಲ್ಲಿ ಮಲಗುವ ಕಾಲವೂ ಹೋಯಿತು. ಮೂರು ಮಂಚದ ರೂಮು ಇದೆಯೇ ಅಂತ ಮೊದಲೇ ಫೋನಿನಲ್ಲಿ ಕೇಳಿ, ಬಾಡಿಗೆಯನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.