ಐಎಸ್‌ಒ124: ಸಿಗ್ನಲ್ ದಾಟಲಿ, ಗ್ರೌಂಡ್ ಅಲ್ಲೇ ಇರಲಿ

ಸೆನ್ಸರ್ ಒಂದು ಮೇಜಿನ ಮೇಲೆ, ರೆಕಾರ್ಡ್ ಮಾಡುವ ಕಂಪ್ಯೂಟರ್ ಇನ್ನೊಂದು ಮೇಜಿನ ಮೇಲೆ. ಎರಡನ್ನೂ ವೈರ್‌ನಿಂದ ಜೋಡಿಸಿದ ಕೂಡಲೇ ಗ್ರೌಂಡ್ ಲೂಪ್ ಆಗಿ, ಅಂದರೆ ಎರಡರ ಗ್ರೌಂಡ್ ವೈರ್‌ಗಳು ಸುತ್ತುಹಾಕಿ ಸೇರಿಕೊಂಡು, ಮೇನ್ಸ್‌ನ 50 ಅಥವಾ 60 ಹರ್ಟ್ಸ್ ಅಲೆ ನಿಮ್ಮ ಗ್ರಾಫ್ ತುಂಬಾ ಕುಣಿಯುತ್ತದೆ. ಇದಕ್ಕೆ ಐಸೊಲೇಷನ್ ಆಂಪ್ಲಿಫೈಯರ್ ಬೇಕು, ಅಂದರೆ ಎರಡು ಕಡೆಯ ಗ್ರೌಂಡ್ ಸೇರಿಸದೆ ಸಿಗ್ನಲ್ ಮಾತ್ರ ದಾಟಿಸುವ ಚಿಪ್. ಹೊಸಬರಿಗೆ ನಾನು ಹೇಳುವುದು ಐಎಸ್‌ಒ124. ಇದು ಬರ್-ಬ್ರೌನ್ ಕಾಲದ ಚಿಪ್, 2000ರಲ್ಲಿ ಆ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತೆಕ್ಕೆಗೆ ಹೋಯಿತು.

ಒಳಗಿನ ಕೆಲಸ ಚೆನ್ನಾಗಿದೆ. ಬಂದ ವೋಲ್ಟೇಜನ್ನು 500 ಕಿಲೋಹರ್ಟ್ಸ್‌ನ ಪಲ್ಸ್‌ಗಳ ಅಗಲವಾಗಿ ಬದಲಿಸಿ, ಪುಟ್ಟ ಕೆಪಾಸಿಟರ್‌ಗಳ ಮೂಲಕ ಆಚೆ ದಾಟಿಸಿ, ಅಲ್ಲಿ ಮತ್ತೆ ವೋಲ್ಟೇಜ್ ಮಾಡುತ್ತದೆ. ಗೇನ್ 1, ಅಂದರೆ ಕೊಟ್ಟದ್ದೇ ಬರುತ್ತದೆ. ±15 ವೋಲ್ಟ್ ಸಪ್ಲೈ ಕೊಟ್ಟರೆ ±10 ವೋಲ್ಟ್ ಸಿಗ್ನಲ್ ಆರಾಮವಾಗಿ ದಾಟುತ್ತದೆ, ಬ್ಯಾಂಡ್‌ವಿಡ್ತ್ 50 ಕಿಲೋಹರ್ಟ್ಸ್. ಹೊರಗೆ ಗೇನ್ ಹೊಂದಿಸುವ ರೆಸಿಸ್ಟರ್ ಇಲ್ಲ, ತಿರುಗಿಸುವ ಪಾಟ್ ಇಲ್ಲ.

ಆದರೆ ಇದಕ್ಕೆ ಎರಡು ಸಪ್ಲೈ ಬೇಕು, ಎರಡೂ ಒಂದಕ್ಕೊಂದು ಸಂಬಂಧವಿಲ್ಲದವು. ಒಂದೇ ಸಪ್ಲೈನಿಂದ ಎರಡು ಕಡೆಗೂ ವೈರ್ ಎಳೆದರೆ ಐಸೊಲೇಷನ್ ಅಲ್ಲಿಗೇ ಮುಗಿಯಿತು, ಸುಮ್ನೆ ಒಂದು ಚಿಪ್ ದಂಡ. ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್ ಹಾಕಬಹುದು, ಆದರೆ ಅದರ ಸ್ವಿಚಿಂಗ್ ನಾಯ್ಸ್ ಈ ಚಿಪ್‌ನ 500 ಕಿಲೋಹರ್ಟ್ಸ್ ಜೊತೆ ಬೆರೆತು ನಿಧಾನವಾಗಿ ತೂಗಾಡುವ ಸುಳ್ಳು ಸಿಗ್ನಲ್ ಹುಟ್ಟಿಸುತ್ತದೆ. ಸಪ್ಲೈ ಪಿನ್‌ಗಳ ಪಕ್ಕದಲ್ಲೇ 1 ಮೈಕ್ರೊಫ್ಯಾರಡ್ ಕೆಪಾಸಿಟರ್, ಅದರ ಹಿಂದೆ ಇಂಡಕ್ಟರ್ ಇರುವ ಫಿಲ್ಟರ್ ಹಾಕಿ. ಮೊದಲ ಸಲವಾದರೆ ಇನ್‌ಪುಟ್ ಕಡೆಗೆ ಬ್ಯಾಟರಿಯೇ ವಾಸಿ.

ಇನ್ನೊಂದು ಎಡವಟ್ಟು ಆಸಿಲೋಸ್ಕೋಪ್‌ನಿಂದ ಆಗುವುದು, ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸಾಮಾನ್ಯ ಸ್ಕೋಪ್‌ನಲ್ಲಿ ಎಲ್ಲ ಚಾನೆಲ್‌ಗಳ ಗ್ರೌಂಡ್ ಕ್ಲಿಪ್ ಒಳಗೆ ಒಂದೇ, ಜೊತೆಗೆ ಅರ್ಥಿಂಗ್‌ಗೂ ಸೇರಿರುತ್ತದೆ. ಇನ್‌ಪುಟ್ ಔಟ್‌ಪುಟ್ ಎರಡನ್ನೂ ಒಟ್ಟಿಗೆ ನೋಡೋಣ ಅಂತ ಎರಡು ಕಡೆಗೂ ಕ್ಲಿಪ್ ಸಿಕ್ಕಿಸಿದರೆ ನೀವೇ ಗೋಡೆಗೆ ಬಾಗಿಲು ಕೊರೆದಂತೆ, ಅಲ್ವಾ? ಆಮೇಲೆ ಚಿಪ್ ಕೆಟ್ಟಿದೆ ಅನ್ನಿಸುತ್ತದೆ. ಪ್ರೋಬ್ ಔಟ್‌ಪುಟ್ ಕಡೆ ಮಾತ್ರ ಇರಲಿ, ಇನ್‌ಪುಟ್ ಕಡೆ ಬ್ಯಾಟರಿ ಮಲ್ಟಿಮೀಟರ್ ಸಾಕು. ಮೊದಲ ಪರೀಕ್ಷೆಗೆ ಇನ್‌ಪುಟ್ ಪಿನ್ನನ್ನು ಅದೇ ಕಡೆಯ ಕಾಮನ್‌ಗೆ (ಆ ಕಡೆಯ ಗ್ರೌಂಡ್‌ಗೆ) ಶಾರ್ಟ್ ಮಾಡಿ, ಔಟ್‌ಪುಟ್ ಸೊನ್ನೆಯ ಹತ್ತಿರ ಇದೆಯಾ ನೋಡಿ. ಆಮೇಲೆ ಆ ಶಾರ್ಟ್ ಮಾಡಿದ ಜೋಡಿಯನ್ನು ಔಟ್‌ಪುಟ್ ಕಾಮನ್‌ಗಿಂತ ಕೆಲವು ವೋಲ್ಟ್ ಮೇಲೆ ಕೆಳಗೆ ಆಡಿಸಿ. ಔಟ್‌ಪುಟ್ ಅಲುಗಾಡದಿದ್ದರೆ ಜೋಡಣೆ ಸರಿ ಇದೆ.

ಔಟ್‌ಪುಟ್‌ನಲ್ಲಿ ಸುಮಾರು 20 ಮಿಲಿವೋಲ್ಟ್ ರಿಪಲ್, ಅಂದರೆ ಸಣ್ಣ ವೇಗದ ಏರಿಳಿತ, ಇರುತ್ತದೆ. ಅದು ದೋಷವಲ್ಲ, ಡೇಟಾಶೀಟ್‌ನಲ್ಲೇ ಇದೆ, ವೇಗದ ಅಲೆಗಳನ್ನು ತಡೆಯುವ 100 ಕಿಲೋಹರ್ಟ್ಸ್‌ನ ಎರಡು ಪೋಲ್ ಲೋ-ಪಾಸ್ ಫಿಲ್ಟರ್ ಹಾಕಿದರೆ ಹೋಗುತ್ತದೆ. ಇನ್‌ಪುಟ್ ರೆಸಿಸ್ಟೆನ್ಸ್ 200 ಕಿಲೋಓಮ್ ಅಷ್ಟೇ, ಹಾಗಾಗಿ 1 ಕಿಲೋಓಮ್‌ನ ಸೆನ್ಸರ್ ನೇರವಾಗಿ ಸೇರಿಸಿದರೂ ಓದಿಕೆ ಅರ್ಧ ಶೇಕಡಾ ಕಡಿಮೆ ಬರುತ್ತದೆ. ಸೆನ್ಸರ್ ಮತ್ತು ಚಿಪ್ ನಡುವೆ, ಸೆನ್ಸರ್ ಮೇಲೆ ಭಾರ ಹಾಕದೆ ವೋಲ್ಟೇಜ್ ದಾಟಿಸುವ ಒಂದು ಆಪ್-ಆಂಪ್ ಬಫರ್ ಇಡಿ. ಥರ್ಮೋಕಪಲ್‌ನಂಥ ಮಿಲಿವೋಲ್ಟ್ ಸಿಗ್ನಲ್ ಆದರೆ ಅದನ್ನು ಇನ್‌ಪುಟ್ ಕಡೆಯಲ್ಲೇ ದೊಡ್ಡದು ಮಾಡಿ ಆಮೇಲೆ ದಾಟಿಸಿ, ಇಲ್ಲವಾದರೆ ರಿಪಲ್‌ನಲ್ಲೇ ಮುಳುಗುತ್ತದೆ.

ಐಸೊಲೇಷನ್ 1500 ವೋಲ್ಟ್ ಅಂತ ಬರೆದಿದೆ ಅಂತ ಮನುಷ್ಯರ ಮೈಗೆ ಎಲೆಕ್ಟ್ರೋಡ್ ಅಂಟಿಸಲು ಇದನ್ನು ಬಳಸಬೇಡಿ. ಅದಕ್ಕೆ ವೈದ್ಯಕೀಯ ಮಾನದಂಡಕ್ಕೆ ಪರೀಕ್ಷೆ ಮಾಡಿದ ಪೂರ್ತಿ ಸಾಧನವೇ ಬೇಕು.