ಹೊಸ ವರ್ಷಕ್ಕೆ ಒಡಂಬಡಿಕೆ ಆರಾಧನೆಯೋ, ವಾರದ ಗುಂಪೋ?

ಜನವರಿಯಲ್ಲಿ ಸಭೆಯ ಶಿಷ್ಯತ್ವಕ್ಕೆ ಮತ್ತೆ ಜೀವ ತುಂಬಬೇಕು ಅಂತ ಯೋಚಿಸುತ್ತಿದ್ದೀರಾ? ಮೆಥೊಡಿಸ್ಟ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡದ ಎರಡು ಹಳೆಯ ದಾರಿಗಳಿವೆ. ಎರಡನ್ನೂ ಬೆಳೆಸಿದವರು ಆ ಪಂಗಡಕ್ಕೆ ನಾಂದಿ ಹಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯೇ.

ಒಡಂಬಡಿಕೆ ಆರಾಧನೆ 1755ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಹೊಸ ವರ್ಷಕ್ಕೆ ಬಂದು ನಿಂತದ್ದು ಆಮೇಲೆ. ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ ಎಂದು ಇಡೀ ಸಭೆ ತನ್ನನ್ನು ದೇವರಿಗೆ ಒಪ್ಪಿಸುತ್ತದೆ. ಒಂದೇ ದಿನ ಸಾಕು, ಏರ್ಪಾಡೂ ಸುಲಭ. ಆದರೆ ಫೆಬ್ರವರಿ ಹೊತ್ತಿಗೆ ಎಷ್ಟು ಜನರಿಗೆ ನೆನಪಿರುತ್ತದೆ, ಹೇಳಿ?

ವಾರಕ್ಕೊಮ್ಮೆ ಸೇರಿ ಒಬ್ಬರ ಬದುಕನ್ನು ಇನ್ನೊಬ್ಬರು ವಿಚಾರಿಸುವ ವಾರದ ಗುಂಪು ಇನ್ನೂ ಹಳೆಯದು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಇದು ಹುಟ್ಟಿದ್ದೇ ಪ್ರಾರ್ಥನಾಲಯದ ಸಾಲ ತೀರಿಸಲು! ಹನ್ನೆರಡು ಜನಕ್ಕೊಬ್ಬ ನಾಯಕ; ವಾರಕ್ಕೆ ತಲೆಗೊಂದು ಪೆನ್ನಿ ವಸೂಲಿ. ಮನೆಮನೆಗೆ ಹೋದಾಗ ಯಾರು ಹೇಗೆ ಬದುಕುತ್ತಿದ್ದಾರೆ ಅಂತ ಗೊತ್ತಾಯಿತು. ವಸೂಲಿ ಕ್ರಮೇಣ ಕುಶಲ ವಿಚಾರಣೆಯಾಯಿತು. ಇಲ್ಲಿ ಸುಮ್ನೆ ತಲೆಯಾಡಿಸಿ ತಪ್ಪಿಸಿಕೊಳ್ಳಲಾಗದು. ಕಷ್ಟವೂ ಅದೇ: ಒಳ್ಳೆಯ ನಾಯಕರು ಬೇಕು, ಒಬ್ಬರ ಮಾತು ಊರೆಲ್ಲ ಹರಡಬಾರದು.

ನಾಯಕರು ಸಿಗುವುದಾದರೆ ನನ್ನ ಓಟು ಗುಂಪಿಗೆ. ಇಲ್ಲದಿದ್ದರೆ ಆರಾಧನೆಯಿಂದಲೇ ಶುರು ಮಾಡಿ, ಬಾಗಿಲಲ್ಲಿ ಗುಂಪಿಗೆ ಹೆಸರು ಬರೆಸಿಕೊಳ್ಳಿ.